ಬೈಕಿನ ಮಳೆ ಉಡುಪು: ಒಳಗಿನ ಲೈನರೋ, ಮೇಲೆ ಹಾಕುವ ರೈನ್‌ಸೂಟೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಜಾಕೆಟ್ ಮೇಲೆ ಹಾಕಿಕೊಳ್ಳುವ ರೈನ್‌ಸೂಟಿಗೆ. ಬೆಟ್ಟದ ಮೇಲಿನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಎರಡು ಸಲ ಬೈಕ್ ಓಡಿಸಿದೆ. ಎರಡು ಸಲವೂ ಮಳೆ, ಮಂಜು, ಗಾಳಿ. ಮೊದಲ ಸಲ ರೈಡಿಂಗ್ ಜಾಕೆಟ್ ಜೊತೆ ಬಂದಿದ್ದ ವಾಟರ್‌ಪ್ರೂಫ್ ಲೈನರನ್ನೇ, ಅಂದರೆ ಜಾಕೆಟ್ಟಿನ ಒಳಗೆ ಜಿಪ್ ಎಳೆದು ಕೂರಿಸುವ, ಬೇಡವಾದಾಗ ತೆಗೆದಿಡುವ ಪದರವನ್ನೇ, ನಂಬಿದ್ದೆ. ಎರಡನೇ ಸಲ ಅದೇ ಜಾಕೆಟ್ ಮೇಲೆ ರೈನ್‌ಸೂಟ್ ಹಾಕಿದೆ. ರಸ್ತೆ ಅದೇ, ಬೈಕ್ ಅದೇ.

ಲೈನರ್ ಸೋರಲಿಲ್ಲ. ಒಳಗಿನ ಬನಿಯನ್ ಕೊನೆಯವರೆಗೂ ಒಣಗಿಯೇ ಇತ್ತು. ಆದರೆ ಲೈನರ್ ನೀರು ತಡೆಯುವುದು ಜಾಕೆಟ್ಟಿನ ಒಳಗೆ, ಅಲ್ವಾ? ಹೊರಗಿನ ಬಟ್ಟೆ ಸುಮ್ನೆ ನೀರು ಕುಡಿಯುತ್ತಾ ಹೋಗುತ್ತದೆ. ಅರ್ಧ ಗಂಟೆಗೆ ಒದ್ದೆ ಕಂಬಳಿ ಹೊದ್ದ ಹಾಗಾಗಿತ್ತು. ಮೊಣಕೈ ಪ್ಯಾಡ್ ಒತ್ತಿದರೆ ನೀರು ಜಿನುಗುತ್ತಿತ್ತು. ಎದೆಯ ಜೇಬಿನಲ್ಲಿದ್ದ ಉದ್ಯಾನದ ಪ್ರವೇಶ ಚೀಟಿ ಮುದ್ದೆಯಾಗಿತ್ತು.

ಇದಕ್ಕಿಂತ ದೊಡ್ಡ ತಲೆನೋವು ಅದನ್ನು ಹಾಕಿಕೊಳ್ಳುವುದು. ಹೊರಟಾಗ ಬಿಸಿಲಿತ್ತು, ಲೈನರ್ ಬ್ಯಾಗಿನಲ್ಲಿತ್ತು. ಅರ್ಧ ದಾರಿಯಲ್ಲಿ ಮೋಡ ಇಳಿಯಿತು. ಕಾಡಿನೊಳಗೆ ನಿಲ್ಲಲು ಒಂದು ಸೂರಿಲ್ಲ. ರಸ್ತೆಯಂಚು ಕಿರಿದು. ಹಿಂದೆ ಬರುವ ಗಾಡಿಗೆ ಮಂಜಿನಲ್ಲಿ ನಾನು ಕಾಣುತ್ತೇನೋ ಇಲ್ಲವೋ ಎಂಬ ಭಯ ಬೇರೆ. ಅಲ್ಲೇ ನಿಂತು ಜಾಕೆಟ್ ಬಿಚ್ಚಬೇಕು, ಸುತ್ತಲೂ ಜಿಪ್ ಎಳೆಯಬೇಕು, ತೋಳಿನ ತುದಿಯ ಪುಟ್ಟ ಗುಂಡಿ ಸಿಕ್ಕಿಸಬೇಕು. ಆ ಗುಂಡಿ ಸಿಕ್ಕಿಸುವಷ್ಟರಲ್ಲಿ ಜಾಕೆಟ್ಟಿನ ಒಳಭಾಗವೂ ನೆನೆದಿತ್ತು.

ಪ್ಯಾಂಟಿನ ಕಥೆ ಇನ್ನೂ ಕಷ್ಟ. ಲೈನರ್ ಕೂರಿಸಲು ಬೂಟು ಬಿಚ್ಚಿ, ಪ್ಯಾಂಟು ಬಿಚ್ಚಬೇಕು. ರಸ್ತೆ ಬದಿಯಲ್ಲಿ ಅದು ಆಗುವ ಮಾತಲ್ಲ. ಪ್ಯಾಂಟಿನ ಲೈನರ್ ಬ್ಯಾಗಿನಲ್ಲೇ ಉಳಿಯಿತು, ಕಾಲು ಪೂರ್ತಿ ನೆನೆಯಿತು.

ಆಮೇಲೆ ನಿಂತಾಗಲೆಲ್ಲ ಇನ್ನೊಂದು ಕಾಟ. ಜಾಕೆಟ್ಟಿನಿಂದ ಒದ್ದೆ ಕೈ ಹೊರಗೆಳೆದರೆ ತೋಳಿನ ಲೈನರ್ ಕೈಗೆ ಅಂಟಿಕೊಂಡು ಗುಂಡಿ ಕಿತ್ತು ತಿರುಗುಮುರುಗಾಗಿ ಬರುತ್ತದೆ. ಮತ್ತೆ ಕೈ ತೂರಿಸಿದರೆ ಮೊಣಕೈ ಹತ್ತಿರ ಗಂಟಾಗಿ ನಿಲ್ಲುತ್ತದೆ. ಬೆರಳು ಮರಗಟ್ಟಿರುವಾಗ ಅದನ್ನು ಬಿಡಿಸುವುದು ಎಷ್ಟು ಹೊತ್ತಿನ ಕೆಲಸ ಅಂತ ಅನುಭವಿಸಿದವರಿಗೇ ಗೊತ್ತು. ಬೆಳಿಗ್ಗೆಯೇ ಹಾಕಿಕೊಂಡು ಹೊರಡಬಹುದಿತ್ತಲ್ಲ ಅನ್ನುತ್ತೀರಾ? ಬೆಟ್ಟದ ಬುಡದ ಬಿಸಿಲಿಗೆ ಒಳಗೆ ಬೆವರಿ ನೆನೆಯುತ್ತೀರಿ, ಆ ಬೆವರೇ ಮೇಲೆ ಚಳಿ ಹಿಡಿಸುತ್ತದೆ.

ಚಳಿಯನ್ನು ಹಗುರವಾಗಿ ತಗೋಬೇಡಿ. 1,000 ಮೀಟರ್ ಏರಿದರೆ ಸುಮಾರು 6 ಡಿಗ್ರಿ ಕಡಿಮೆಯಾಗುತ್ತದೆ. 5 ಡಿಗ್ರಿಯ ಹವೆಯಲ್ಲಿ ಗಂಟೆಗೆ 60 ಕಿ.ಮೀ. ಗಾಳಿ ಬಡಿದರೆ ಬರಿ ಚರ್ಮಕ್ಕೆ ಮೈನಸ್ 2 ಇದ್ದ ಹಾಗೆ ಅನ್ನಿಸುತ್ತದೆ. ಇದು ಒಣ ಚರ್ಮದ ಲೆಕ್ಕ. ನೆನೆದ ಜಾಕೆಟ್ಟಿನ ನೀರು ಗಾಳಿಗೆ ಆರುತ್ತಾ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಇಳಿಜಾರಿನ ತಿರುವಿನಲ್ಲಿ ಕ್ಲಚ್ ಎಷ್ಟು ಹಿಡಿದಿದ್ದೇನೆ ಅನ್ನುವುದು ನನ್ನ ಬೆರಳಿಗೆ ತಿಳಿಯಲಿಲ್ಲ. ನಿಜಕ್ಕೂ ಹೆದರಿದೆ. ಮರುದಿನ ಬೆಳಿಗ್ಗೆಯೂ ಜಾಕೆಟ್ ಒಣಗಿರಲಿಲ್ಲ, ಒದ್ದೆಯದನ್ನೇ ಹಾಕಿಕೊಂಡು ಹೊರಟೆ.

ರೈನ್‌ಸೂಟಿನಲ್ಲಿ ಇಷ್ಟು ಗೋಳಿಲ್ಲ. ಜಾಕೆಟ್ ಬಿಚ್ಚದೆ ಮೇಲಿಂದಲೇ ಏರಿಸಿದರೆ ಆಯಿತು. ಬೂಟು ಸಿಕ್ಕಿಕೊಂಡರೆ ಅದಕ್ಕೊಂದು ಪ್ಲಾಸ್ಟಿಕ್ ಕವರ್ ಸುತ್ತಿ ಕಾಲು ತೂರಿಸಿ, ಜಾರಿಕೊಂಡು ಹೋಗುತ್ತದೆ. ಗ್ಲೌಸಿನ ಬಾಯಿ ತೋಳಿನ ಒಳಗಿರಲಿ, ಹೊರಗಿದ್ದರೆ ತೋಳಿನ ಮೇಲಿಂದ ಇಳಿಯುವ ನೀರೆಲ್ಲ ಅಂಗೈಗೆ ಬರುತ್ತದೆ. ಹಳದಿ ಬಣ್ಣದ್ದೇ ತಗೊಳ್ಳಿ, ಮಂಜಿನಲ್ಲಿ ಕಾಣಬೇಕು.

ಕೊರತೆ ಇಲ್ಲ ಅಂತಲ್ಲ. ಬೆವರು ಜಾಸ್ತಿ. ವೇಗದಲ್ಲಿ ಬಟ್ಟೆ ಪಟಪಟ ಬಡಿಯುತ್ತದೆ, ತೋಳಿಗೆ ವೆಲ್ಕ್ರೋ ಪಟ್ಟಿ ಇರುವುದು ಒಳ್ಳೆಯದು. ನನ್ನದರ ಬಲಗಾಲು ಸೈಲೆನ್ಸರಿಗೆ ತಾಗಿ ಅಂಗೈಯಗಲ ಕರಗಿದೆ. ಮೀನಖಂಡದ ಹತ್ತಿರ ಶಾಖ ತಡೆಯುವ ಪಟ್ಟಿ ಇದೆಯಾ ಅಂತ ನೋಡಿ ಕೊಳ್ಳಿ.

ಹೊರಬಟ್ಟೆಗೇ ನೀರು ತಡೆಯುವ ಪೊರೆ ಅಂಟಿಸಿದ ಲ್ಯಾಮಿನೇಟ್ ಜಾಕೆಟ್ಟನ್ನು ಸ್ನೇಹಿತನಿಂದ ಪಡೆದು ಒಂದು ದಿನ ಹಾಕಿದ್ದೆ. ಇವೆರಡಕ್ಕಿಂತಲೂ ಚೆನ್ನಾಗಿದೆ. ಆದರೆ ವರ್ಷಕ್ಕೆ ಒಂದೆರಡು ಮಳೆ ಪ್ರವಾಸ ಮಾಡುವ ನನಗೆ ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ. ಆ ಹಣಕ್ಕೆ ಎರಡೂ ಟೈರ್ ಹೊಸದು ಹಾಕಿಸುತ್ತೇನೆ.

ಈಗ ರೈನ್‌ಸೂಟ್ ಬ್ಯಾಗಿನ ಎಲ್ಲ ಸಾಮಾನಿನ ಮೇಲೆ ಇರುತ್ತದೆ. ಬೆಟ್ಟದ ತುದಿ ಮೋಡದಲ್ಲಿ ಮುಚ್ಚಿದ್ದರೆ, ಉದ್ಯಾನದ ಗೇಟಿನ ಸೂರಿನಡಿಯಲ್ಲೇ ಹಾಕಿಕೊಂಡು ಒಳಗೆ ಹೋಗುತ್ತೇನೆ. ಲೈನರನ್ನು ಬಿಸಾಡಿಲ್ಲ, ಚಳಿಗಾಲದ ಒಣ ಬೆಳಿಗ್ಗೆ ಗಾಳಿ ತಡೆಯಲು ಹಾಕಿಕೊಳ್ಳುತ್ತೇನೆ.