ಟ್ಯಾಂಕಿನ ಒಳಗೊಂದು ಮ್ಯೂಸಿಯಂ

ಮೊದಲೇ ಹೇಳಿಬಿಡ್ತೀನಿ, ನಾನು ಕಲೆ ಗಿಲೆ ಓದಿದವಳಲ್ಲ. ಮಡಿಕೇರಿ ಹತ್ತಿರ ನಮ್ಮ ತೋಟ. ಮ್ಯೂಸಿಯಂ ಅಂದ್ರೆ ನಮಗೆ ಕೋಟೆಯೊಳಗಿನ ಹಳೇ ಚರ್ಚಿನಲ್ಲಿರುವ ಸರ್ಕಾರಿ ಮ್ಯೂಸಿಯಂ. ನೆಂಟರು ಬಂದಾಗ ಗಾರೆ ಆನೆಗಳ ಮುಂದೆ ಅವರನ್ನು ನಿಲ್ಲಿಸಿ ಫೋಟೋ ತೆಗೆದು, ಒಳಗೊಂದು ಸುತ್ತು ಹಾಕಿ, ಮಳೆ ಬರೋದರೊಳಗೆ ರಾಜಾಸೀಟಿಗೆ ಓಡೋದು. ಅಷ್ಟೇ.

2025ರ ಆಗಸ್ಟ್‌ನಲ್ಲಿ, ನಮ್ಮ ಕೊಡಗಿನ ಮಳೆಗಾಲದ ತಿಂಗಳು ಕಕ್ಕಡ ಮುಗಿದ ಮೇಲೆ, ಚಿಕ್ಕಪ್ಪನ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗಿದ್ದೆವು. ಡಾಕ್ಟರು ಸಿಗೋದು ಸಂಜೆ. ಬೆಳಗ್ಗೆಯಿಂದ ಏನು ಮಾಡೋದು? ಮಾಲ್ ಅಂದರೆ ಚಿಕ್ಕಪ್ಪನಿಗೆ ಆಗಲ್ಲ. ಹಾಗಾಗಿ ಕಸ್ತೂರ್ಬಾ ರಸ್ತೆಯ ಮ್ಯಾಪ್‌ಗೆ ಹೋದೆವು. ಪೂರ್ತಿ ಹೆಸರು ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ.

ನನಗೆ ಒಳಗೊಳಗೇ ಭಯ ಇತ್ತು. ಹಿಂದೊಮ್ಮೆ ಬೇರೊಂದು ಊರಿನ ಗ್ಯಾಲರಿಗೆ ಹೋಗಿದ್ದೆ, ಹೆಸರು ಬೇಡ ಬಿಡಿ. ಬಿಳಿ ಗೋಡೆ, ನೆಲದ ಮೇಲೆ ಹಗ್ಗದ ರಾಶಿ, ಅದರ ಪಕ್ಕ ಒಂದು ಪುಟ ಇಂಗ್ಲಿಷು. ಎಲ್ಲಿ ಏನು ಮುಟ್ಟಿಬಿಡ್ತಾಳೋ ಅನ್ನೋ ಹಾಗೆ ಕಾವಲಿನವನೊಬ್ಬ ಹಿಂದೆ ಹಿಂದೆಯೇ ಬರ್ತಿದ್ದ. ಹತ್ತೇ ನಿಮಿಷಕ್ಕೆ ಹೊರಗೆ ಬಂದಿದ್ದೆ.

ಇಲ್ಲಿ ಗೇಟಿನ ಹತ್ತಿರವೇ ಚಿಕ್ಕಪ್ಪ ನಿಂತುಬಿಟ್ಟರು. ತಲೆ ಎತ್ತಿ ನೋಡಿ, "ಇದೇನು ಮಾರಾಯ್ತಿ, ನೀರಿನ ಟ್ಯಾಂಕಿಗೆ ಕರಕೊಂಡು ಬಂದಿದ್ದೀಯಾ?" ಅಂದರು. ನಗು ಬಂತು, ಯಾಕಂದ್ರೆ ಅದು ನಿಜವೇ. ಐದು ಮಹಡಿಯ ಕಟ್ಟಡಕ್ಕೆ ಸುತ್ತಲೂ ಉಬ್ಬುಗೆರೆಯ ಸ್ಟೀಲ್ ಹಾಳೆ ಹೊದಿಸಿದ್ದಾರೆ. ಮ್ಯಾಥ್ಯೂ ಅಂಡ್ ಘೋಷ್ ಅನ್ನೋ ವಾಸ್ತುಶಿಲ್ಪಿಗಳು ಬೇಕಂತಲೇ ಹಳೇ ಸ್ಟೀಲ್ ಟ್ಯಾಂಕಿನ ಹಾಗೆ ಮಾಡಿದ್ದು. ನೀರು ಕೂಡಿಡುವ ಹಾಗೆ ಕಲೆಯನ್ನು ಕೂಡಿಡೋದು ಅನ್ನೋ ಲೆಕ್ಕ. ಚೆಂದ ಇದೆಯಾ ಅಂದ್ರೆ, ನನಗೇನೋ ಅದೇ ರಸ್ತೆಯಲ್ಲಿರುವ ಕೆಂಪು ಬಣ್ಣದ ಹಳೇ ಸರ್ಕಾರಿ ಮ್ಯೂಸಿಯಂ ಕಟ್ಟಡವೇ ಇಷ್ಟ. ಆದರೆ ನೋಡಿದ ತಕ್ಷಣ ಚಿಕ್ಕಪ್ಪನಂಥವರಿಗೂ ಒಂದು ಮಾತು ಹೊಳೆಯಿತಲ್ಲ, ಅದು ಸಣ್ಣದಲ್ಲ.

ಉದ್ಯಮಿ ಅಭಿಷೇಕ್ ಪೊದ್ದಾರ್ ತಮ್ಮ ಸಂಗ್ರಹ ಕೊಟ್ಟು ಶುರು ಮಾಡಿದ ಮ್ಯೂಸಿಯಂ ಇದು. 2020ರಲ್ಲಿ ಕೊರೊನಾ ಸಮಯದಲ್ಲಿ ಮೊದಲು ಆನ್‌ಲೈನ್‌ನಲ್ಲಿ ತೆರೆದರು, ಕಟ್ಟಡ ತೆರೆದಿದ್ದು 2023ರ ಫೆಬ್ರವರಿಯಲ್ಲಿ. ಆಗ ನಮ್ಮ ಕೋಟೇಶ್ವರದ ಶಿಲ್ಪಿ ಎಲ್. ಎನ್. ತಲ್ಲೂರು ಅವರ ಪ್ರದರ್ಶನವೂ ಇತ್ತು. ನನಗೆ ತಪ್ಪಿಹೋಯ್ತು, ಈಗಲೂ ಬೇಜಾರಿದೆ. ಇವತ್ತಿನ ಕಲಾವಿದರ ಕೆಲಸ, ಫೋಟೋ, ಜಾನಪದ ಚಿತ್ರ, ಬಟ್ಟೆ, ಸಿನಿಮಾ ಪೋಸ್ಟರ್ ಎಲ್ಲವೂ ಇವರ ಸಂಗ್ರಹದಲ್ಲಿದೆ. ಎಲ್ಲವನ್ನೂ ಒಂದೇ ಸಲ ಗೋಡೆಗೆ ಹಾಕಲ್ಲ. ಪ್ರದರ್ಶನ ಬದಲಾಗುತ್ತಾ ಇರುತ್ತೆ. ನಾವು ಹೋದಾಗ ನಡೀತಿದ್ದದ್ದು 'ಟಿಕೆಟ್ ಟಿಕಾ ಛಾಪ್'.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಮ್ಯಾಂಚೆಸ್ಟರ್ ಕಡೆಯಿಂದ ಇಲ್ಲಿಗೆ ಬಟ್ಟೆ ಬರುತ್ತಿತ್ತಲ್ಲ, ಆ ಬಟ್ಟೆಗೆ ಅಂಟಿಸುತ್ತಿದ್ದ ಬಣ್ಣದ ಚೀಟಿಗಳಿವು. ದೇವರು, ರಾಜರು, ಹುಲಿ, ಆನೆ, ಸೀರೆಯುಟ್ಟ ಹೆಂಗಸರು. ಕೊಳ್ಳುವವರಿಗೆ ಇಂಗ್ಲಿಷ್ ಬರಲ್ಲ, ಎಷ್ಟೋ ಜನಕ್ಕೆ ಯಾವ ಅಕ್ಷರವೂ ಬರಲ್ಲ. ಹಾಗಾಗಿ ಚಿತ್ರವೇ ಗುರುತು. ಇಂಥ ಛಾಪಿನದ್ದು ಕೊಡಿ ಅಂತ ಅಂಗಡಿಯಲ್ಲಿ ಕೇಳಿದರೆ ಆಯ್ತು. ನಾವು ಊದುಬತ್ತಿ, ಬೆಂಕಿಪೊಟ್ಟಣ ಕೇಳಿದ್ದೂ ಹಾಗೇ ಅಲ್ವಾ?

ಒಂದು ಚೀಟಿಯ ಹತ್ತಿರ ಮುಖ ಇಟ್ಟು ನೋಡಿದೆ. ಅಂಗೈ ಅಗಲ ಇರಬಹುದು. ದೂರಕ್ಕೆ ಕೆನ್ನೆ ಗುಲಾಬಿ ಬಣ್ಣ, ಹತ್ತಿರ ಹೋದರೆ ಬರೀ ಸಣ್ಣ ಸಣ್ಣ ಚುಕ್ಕೆ. ಅಂಚಿನಲ್ಲಿ ಚಿನ್ನದ ಬಣ್ಣ ಇನ್ನೂ ಮಿಂಚುತ್ತಿತ್ತು. ಆಗ ತಟ್ಟನೆ ಅಜ್ಜಿಯ ಟ್ರಂಕು ನೆನಪಾಯ್ತು. ಅದರ ಮುಚ್ಚಳದ ಒಳಗೆ ಇಂಥದ್ದೇ ಒಂದು ಲಕ್ಷ್ಮಿ ಅಂಟಿಸಿತ್ತು, ಕೆಳಗೆ ಏನೋ ಇಂಗ್ಲಿಷ್ ಅಕ್ಷರ, ಒಂದು ನಂಬರು. ಕ್ಯಾಲೆಂಡರಿನಿಂದ ಕತ್ತರಿಸಿದ್ದು ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಲಕ್ಷ್ಮಿಗೆ ನಂಬರು ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ! (ಊರಿಗೆ ಬಂದ ಮೇಲೆ ಅಟ್ಟ ಹತ್ತಿ ನೋಡಿದೆ. ಮಳೆಗಾಲದ ಬೂಷ್ಟು ಹಿಡಿದು ಅರ್ಧ ಮುಖ ಹೋಗಿದೆ. ಒರೆಸಲು ಹೋಗಿ ಇನ್ನೊಂಚೂರು ಕಿತ್ತುಬಂತು. ಈಗ ಸುಮ್ನೆ ಬಿಟ್ಟಿದ್ದೀನಿ.)

ಚಿಕ್ಕಪ್ಪನಿಗೆ ಆ ಚುಕ್ಕೆ ಗಿಕ್ಕೆ ಏನೂ ಕಾಣಲಿಲ್ಲ, ಪಾಪ. ಆದರೆ ಕಣ್ಣು ಕಾಣದವರೂ ನೋಡಲಿ ಅಂತ ಕೆಲವು ಚಿತ್ರಗಳನ್ನು ಉಬ್ಬಿಸಿ, ಮುಟ್ಟಿ ನೋಡುವ ಹಾಗೆ ಮಾಡಿಟ್ಟಿದ್ದಾರೆ. ಒಣಗಿದ ಕಾಫಿ ಹಣ್ಣನ್ನು ಕಿವಿ ಹತ್ತಿರ ಅಲ್ಲಾಡಿಸಿ, ಗಲಗಲ ಅಂದರೆ ಚೀಲಕ್ಕೆ ತುಂಬಿ, ಇಲ್ಲದಿದ್ದರೆ ಇನ್ನೆರಡು ದಿನ ಕಣದಲ್ಲೇ ಇರಲಿ ಅಂತ ಹೇಳುವ ಮನುಷ್ಯ ಅವರು. ಕಣ್ಣಿಗಿಂತ ಕೈ, ಕಿವಿ ಚುರುಕು. ಬೆರಳು ಆಡಿಸುತ್ತಾ ಆಡಿಸುತ್ತಾ, "ಇದು ಮೂಗು. ಇದು ಸೆರಗು ಇರಬೇಕು, ಅಲ್ಲ ಜಡೆ," ಅಂತ ಒಬ್ಬರೇ ಮಾತಾಡಿಕೊಳ್ಳುತ್ತಿದ್ದರು. ನಾನು ಎರಡು ಸಲ ಕರೆದೆ, ಬರಲಿಲ್ಲ. ಮ್ಯೂಸಿಯಂನಲ್ಲಿ ಮುಟ್ಟಬಹುದು ಅನ್ನೋದೇ ಅವರಿಗೆ ದೊಡ್ಡ ಸುದ್ದಿ. ಸಂಜೆ ಡಾಕ್ಟರ ಹತ್ತಿರವೂ ಅದನ್ನೇ ಹೇಳಿದರು.

ಎಲ್ಲವೂ ಅರ್ಥ ಆಯ್ತಾ? ಇಲ್ಲ. ಕೆಲವು ಕೆಲಸಗಳ ಮುಂದೆ ನಿಂತು, ಇದಕ್ಕೆ ಇಷ್ಟು ಜಾಗ ಯಾಕೆ ಅಂತ ಅನ್ನಿಸಿದ್ದೂ ಹೌದು. ಆದರೆ ಹತ್ತು ನಿಮಿಷಕ್ಕೆ ಓಡಿಬರಬೇಕು ಅನ್ನಿಸಲಿಲ್ಲ. ಎರಡೂವರೆ ಗಂಟೆ ಇದ್ದೆವು.

ನಮ್ಮ ಕಡೆಯಿಂದ ಹೋಗುವವರಿಗೆ: ರೈಲು ಅಂತೂ ನಮ್ಮ ಜಿಲ್ಲೆಗೆ ಇಲ್ಲ, ಬಸ್ಸೇ ಗತಿ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ದೀಪಾಂಜಲಿ ನಗರದಲ್ಲಿ ನೇರಳೆ ಮೆಟ್ರೋ ಹತ್ತಿದರೆ ಬದಲಾಯಿಸದೆ ಕಬ್ಬನ್ ಪಾರ್ಕ್ ಸ್ಟೇಷನ್ನಿಗೆ ಹೋಗಬಹುದು. ಅಲ್ಲಿಂದ ನಡೆದರಾಯ್ತು, ವಯಸ್ಸಾದವರಿದ್ದರೆ ಆಟೋ. ಸೋಮವಾರ ರಜೆ. ಟೈಮ್ ಉಳಿದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಹೋಗಿ, ಅದಕ್ಕೂ ಸೋಮವಾರವೇ ರಜೆ. ನಾನು ನೋಡಿದ ಛಾಪುಗಳು ನೀವು ಹೋಗುವಾಗ ಇರಲ್ಲ, ಏನು ನಡೀತಿದೆ ಅಂತ ಮ್ಯಾಪ್‌ನ ವೆಬ್‌ಸೈಟಿನಲ್ಲಿ ಮೊದಲೇ ನೋಡಿಕೊಳ್ಳಿ. ಚಿಕ್ಕಪ್ಪನಿಗೆ ಮುಂದಿನ ಚೆಕಪ್ಪಿಗೆ ಡಾಕ್ಟರು ಸೋಮವಾರ ಕೊಟ್ಟಿದ್ದರು, ಚಿಕ್ಕಪ್ಪನೇ ಫೋನ್ ಮಾಡಿ ಮಂಗಳವಾರಕ್ಕೆ ಬದಲಾಯಿಸಿಕೊಂಡಿದ್ದಾರೆ.