ಹಳೇ ಐ20 ಕೊಟ್ಟು ಐ20 ಎನ್ ಲೈನ್ ತಗೊಂಡ ಮೇಲೆ

ಹ್ಯುಂಡೈ ಐ20 ಕಾರು ಇಟ್ಟುಕೊಂಡವರಿಗೆಲ್ಲ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಅದೇ ಗಾಡಿಯ ಸ್ಪೋರ್ಟಿ ರೂಪ ಎನ್ ಲೈನ್‌ಗೆ ಹೋದರೆ ನಿಜವಾಗಲೂ ವ್ಯತ್ಯಾಸ ಗೊತ್ತಾಗುತ್ತದಾ, ಇಲ್ಲಾ ಕೆಂಪು ಗೆರೆ, ಎರಡು ಬಾಯಿಯ ಸೈಲೆನ್ಸರ್, ನಾಲ್ಕು ಕಡೆ ‘ಎನ್’ ಅನ್ನೋ ಅಕ್ಷರ, ಅಷ್ಟೇನಾ? ನನ್ನ ಉತ್ತರ ಇದು: ಘಾಟಿ ರಸ್ತೆ ನಿಮ್ಮ ದಿನಚರಿಯಲ್ಲಿ ಇದ್ದರೆ ತಗೊಳ್ಳಿ, ಮ್ಯಾನ್ಯುಯಲ್ ಗೇರೇ ತಗೊಳ್ಳಿ. ಬೆಂಗಳೂರಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸುವುದೇ ಜಾಸ್ತಿ ಅಂದರೆ ಸಾಧಾರಣ ಐ20ಯೇ ಸಾಕು, ಉಳಿದ ದುಡ್ಡು ಬೇರೆ ಯಾವುದಕ್ಕಾದರೂ ಆಗುತ್ತದೆ.

ನನ್ನ ಹಳೇದು 2018ರ ಎಲೈಟ್ ಐ20. 1.2 ಲೀಟರ್ ಪೆಟ್ರೋಲ್, ನಾಲ್ಕು ಸಿಲಿಂಡರ್, 83 ಪಿಎಸ್ ಶಕ್ತಿ, ಐದು ಗೇರು. ಆ ಗಾಡಿಯ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಆನ್ ಇದೆಯೋ ಇಲ್ಲವೋ ಅಂತ ಮೀಟರ್ ನೋಡಿ ತಿಳಿಯಬೇಕಿತ್ತು, ಅಷ್ಟು ನಯ. ಆದರೆ ಅದರ 115 ಎನ್‌ಎಂ ಟಾರ್ಕ್, ಅಂದರೆ ಎಳೆಯುವ ಬಲ, ಪೂರ್ತಿ ಸಿಗಬೇಕಾದರೆ ಇಂಜಿನ್ನು 4000 ಆರ್‌ಪಿಎಂ ಮುಟ್ಟಬೇಕು. ನಾಲ್ಕು ಜನ ಕೂತು, ಡಿಕ್ಕಿ ತುಂಬಿ, ಎಸಿ ಹಾಕಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಅದು ಯಾಕೆ ಏದುಸಿರು ಬಿಡುತ್ತಿತ್ತು ಅನ್ನುವುದಕ್ಕೆ ಕಾರಣ ಇದೇ. ಹೇರ್‌ಪಿನ್ ಮುಗಿದ ಮೇಲೆ ಎರಡನೇ ಗೇರ್‌ನಲ್ಲಿ ಎಳೆಯುವುದಿಲ್ಲ, ಮೊದಲನೇದಕ್ಕೆ ಹಾಕಿದರೆ ಕೂಗುತ್ತದೆ, ಎಸಿ ಆಫ್ ಮಾಡು ಅಂತ ಪಕ್ಕದವರಿಗೆ ಹೇಳಬೇಕು. ಮಲೆನಾಡಿನಲ್ಲಿ ಸಣ್ಣ ಪೆಟ್ರೋಲ್ ಗಾಡಿ ಓಡಿಸುವ ಎಲ್ಲರಿಗೂ ಇದು ಗೊತ್ತಿರುವ ವಿಷಯ.

ಎನ್ ಲೈನ್ ಇಂಜಿನ್ ಲೆಕ್ಕದಲ್ಲಿ ಚಿಕ್ಕದು, 998 ಸಿಸಿ, ಮೂರೇ ಸಿಲಿಂಡರ್. ಆದರೆ ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ, ಪೆಟ್ರೋಲು ನೇರ ಸಿಲಿಂಡರ್ ಒಳಗೇ ಸಿಂಪಡಣೆಯಾಗುತ್ತದೆ. 120 ಪಿಎಸ್, 172 ಎನ್‌ಎಂ. ಈ 172ಕ್ಕಿಂತ ಮುಖ್ಯವಾದದ್ದು ಅದು ಸಿಗುವ ಜಾಗ: 1500ರಿಂದ 4000 ಆರ್‌ಪಿಎಂ. ಅಂದರೆ ಹಳೇ ಗಾಡಿ ಎಲ್ಲಿ ಪೂರ್ತಿ ಶಕ್ತಿ ಕೊಡಲು ಶುರು ಮಾಡುತ್ತಿತ್ತೋ, ಇದು ಅಲ್ಲಿಗೆ ಬರುವಷ್ಟರಲ್ಲಿ ಕೆಲಸ ಮುಗಿಸಿರುತ್ತದೆ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ತಿರುವಿನಲ್ಲಿ ಎರಡನೇ ಗೇರ್‌ನಲ್ಲೇ ಇರಬಹುದು, ತಿರುವು ದಾಟಿ ಸ್ವಲ್ಪ ಒತ್ತಿದರೆ ಸಾಕು, ಗಾಡಿ ಮುಂದಕ್ಕೆ ನುಗ್ಗುತ್ತದೆ. ಎಸಿ ಮುಟ್ಟುವ ಮಾತೇ ಇಲ್ಲ. ತೀರಾ ನಿಧಾನವಾಗಿ 1500ಕ್ಕಿಂತ ಕೆಳಗೆ ಬಿದ್ದರೆ ಮಾತ್ರ ಒಂದು ಕ್ಷಣ ಟರ್ಬೊ ಎದ್ದೇಳಲಿ ಅಂತ ಕಾಯಬೇಕು, ಅಂಥ ಕಡೆ ಮೊದಲೇ ಗೇರ್ ಇಳಿಸಿಕೊಂಡರೆ ಒಳ್ಳೆಯದು.

ಮೂರು ಸಿಲಿಂಡರ್ ಅಂದ ಮೇಲೆ ನಡುಕ ಇರುತ್ತದೆ. ಬೆಳಗ್ಗೆ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಸೀಟಿಗೆ, ಗೇರ್ ಲಿವರ್‌ಗೆ ಗೊತ್ತಾಗುತ್ತದೆ. ಹಳೇ ನಾಲ್ಕು ಸಿಲಿಂಡರ್‌ನ ನಯ ಇದಕ್ಕಿಲ್ಲ, ಅದನ್ನು ಬಯಸಿ ಹೋಗಬೇಡಿ. ಓಡಲು ಶುರುವಾದ ಮೇಲೆ ನಡುಕ ಮರೆತುಹೋಗುತ್ತದೆ, ಸೈಲೆನ್ಸರ್‌ನ ಆ ಗಡಸು ಸದ್ದು ಮಾತ್ರ ಕಿವಿಗೆ ಬೀಳುತ್ತದೆ. ಜೋರಾಗೇನೂ ಇಲ್ಲ, ನನಗೆ ಇನ್ನೂ ಸ್ವಲ್ಪ ಇದ್ದಿದ್ದರೂ ಸಂತೋಷವೇ.

ಪಿಕಪ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನನಗೆ ಈ ಗಾಡಿಯಲ್ಲಿ ಅದಕ್ಕಿಂತ ಹಿಡಿಸಿದ್ದು ಇಳಿಜಾರು. ಹಳೇ ಐ20ಗೆ ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್, ಇದಕ್ಕೆ ನಾಲ್ಕಕ್ಕೂ ಡಿಸ್ಕ್. ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಬಿಸಿಯಾಗಿ ಹಿಡಿತ ಕಡಿಮೆಯಾಗುತ್ತದೆ, ಡ್ರಮ್ಮಿನೊಳಗೆ ಆ ಬಿಸಿ ಹೊರಗೆ ಹೋಗುವುದು ನಿಧಾನ, ಡಿಸ್ಕ್ ಗಾಳಿಗೆ ತೆರೆದುಕೊಂಡಿರುತ್ತದೆ. ಡಿಸ್ಕ್ ಇದೆ ಅಂತ ಬ್ರೇಕನ್ನೇ ನಂಬಿ ಇಳಿಯಬೇಡಿ, ಗೇರಲ್ಲೇ ಇಳಿಸಿ. ಆದರೂ ಎದುರಿಗೆ ಬಸ್ಸು ಬಂದಾಗ ಪೆಡಲ್ ಮೇಲೆ ಕಾಲಿಟ್ಟರೆ ಸಿಗುವ ಧೈರ್ಯ ಇದೆಯಲ್ಲ, ಅದಕ್ಕೆ ಬೆಲೆ ಕಟ್ಟುವುದು ಕಷ್ಟ. ಸ್ಟೇರಿಂಗ್ ಕೂಡ ಹಾಗೇ. ಸಾಧಾರಣ ಐ20ಯಲ್ಲಿ ಬೆರಳಲ್ಲಿ ತಿರುಗಿಸಬಹುದು, ಇದರಲ್ಲಿ ತೂಕ ಇದೆ. ಪಾರ್ಕಿಂಗ್‌ನಲ್ಲಿ ಆ ತೂಕ ಬೇಡ ಅನ್ನಿಸಬಹುದು, ಹೇರ್‌ಪಿನ್‌ನಲ್ಲಿ ಬೇಕೇ ಬೇಕು ಅನ್ನಿಸುತ್ತದೆ. ಸಸ್ಪೆನ್ಷನ್ನೂ ಗಟ್ಟಿ ಮಾಡಿದ್ದಾರೆ, ಹಾಗಾಗಿ ತಿರುವಿನಲ್ಲಿ ಬಾಡಿ ಓಲಾಡುವುದು ತುಂಬಾ ಕಡಿಮೆ.

ಈ ಗಟ್ಟಿತನದ ಬೆಲೆ ಕೊಡುವವರು ಹಿಂದಿನ ಸೀಟಿನವರು. ನಮ್ಮ ತೋಟದ ರಸ್ತೆಯಲ್ಲಿ ಅಮ್ಮ ಒಂದು ಕೈಯಲ್ಲಿ ಮೇಲಿನ ಹಿಡಿ ಹಿಡಿದೇ ಕೂರುತ್ತಾರೆ, ಹಳೇ ಗಾಡಿಯೇ ಹಾಯಾಗಿತ್ತು ಅಂತ ನೇರವಾಗಿ ಹೇಳುತ್ತಾರೆ, ಅವರು ಹೇಳುವುದು ಸರಿಯೇ. ನಿಧಾನವಾಗಿ ಗುಂಡಿ ದಾಟುವಾಗ ಪೆಟ್ಟು ಗೊತ್ತಾಗುತ್ತದೆ, 60ರ ಮೇಲೆ ಹೋದರೆ ಎಲ್ಲಾ ಸಮ ಅನ್ನಿಸುತ್ತದೆ. ಒಳಗೆ ಪೂರ್ತಿ ಕಪ್ಪು ಬಣ್ಣ, ಕೆಂಪು ಹೊಲಿಗೆ. ಮುಂದೆ ಕೂತವರಿಗೆ ಚಂದ, ಹಿಂದೆ ಕೂತವರಿಗೆ ಕತ್ತಲು ಕತ್ತಲು. ಮನೆಯಲ್ಲಿ ವಯಸ್ಸಾದವರಿದ್ದರೆ ಟೆಸ್ಟ್ ಡ್ರೈವ್‌ಗೆ ಅವರನ್ನೂ ಕರೆದುಕೊಂಡು ಹೋಗಿ, ಶೋರೂಮಿನವರು ತೋರಿಸುವ ನುಣ್ಣನೆ ರಸ್ತೆ ಬಿಟ್ಟು ಹಂಪು ಗುಂಡಿ ಇರುವ ಕಡೆ ಓಡಿಸಿ.

ಗೇರ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2021ರ ಸೆಪ್ಟೆಂಬರ್‌ನಲ್ಲಿ ಈ ಎನ್ ಲೈನ್ ಇಲ್ಲಿಗೆ ಬಂದಾಗ ಇದ್ದದ್ದು ಎರಡೇ ಆಯ್ಕೆ, ಕ್ಲಚ್ ಪೆಡಲ್ ಇಲ್ಲದ ಆರು ಗೇರಿನ ಐಎಂಟಿ, ಇನ್ನೊಂದು ಏಳು ಗೇರಿನ, ಎರಡು ಕ್ಲಚ್ಚಿನ ಡಿಸಿಟಿ ಆಟೊಮ್ಯಾಟಿಕ್. ಸ್ಪೋರ್ಟಿ ಅಂತ ಹೇಳಿ ಕ್ಲಚ್ಚೇ ಇಲ್ಲ ಅಂದರೆ ಹೇಗೆ? ನನ್ನಂಥ ಅದೆಷ್ಟೋ ಜನ ಆಗ ಹಿಂದೆ ಸರಿದದ್ದು ಅದಕ್ಕೇ. 2023ರ ಸೆಪ್ಟೆಂಬರ್‌ನ ಹೊಸ ರೂಪದಲ್ಲಿ ಐಎಂಟಿ ತೆಗೆದು ಸರಿಯಾದ ಆರು ಗೇರಿನ ಮ್ಯಾನ್ಯುಯಲ್ ಕೊಟ್ಟರು, ಆರು ಏರ್‌ಬ್ಯಾಗ್ ಎಲ್ಲಾ ಮಾಡೆಲ್‌ಗೂ ಬಂತು. ಡಿಸಿಟಿ ಕೆಟ್ಟದ್ದು ಅಂತ ಹೇಳುವುದಿಲ್ಲ, ಸ್ಟೇರಿಂಗ್ ಹಿಂದಿನ ಪ್ಯಾಡಲ್‌ನಲ್ಲಿ ಗೇರ್ ಬದಲಿಸುವುದು ಬಹಳ ಚುರುಕು. ಆದರೆ ಅದು ಡ್ರೈ ಕ್ಲಚ್, ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಘಾಟಿಯಲ್ಲಿ ಜಾಮ್ ಆಗಿ ಏರಿನಲ್ಲಿ ಇಂಚಿಂಚೇ ತೆವಳುವಾಗ ಇಂಥ ಕ್ಲಚ್ ಬೇಗ ಬಿಸಿಯಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು, ಗುಡ್ಡ ಕುಸಿದು ಅಂಥ ಜಾಮ್ ಆಗುವುದು ಹೊಸದೇನಲ್ಲ. ನಾನು ಮ್ಯಾನ್ಯುಯಲ್ ಅನ್ನುವುದು ಇದಕ್ಕೇ, ಮತ್ತೆ ಓಡಿಸುವ ಖುಷಿಗೂ.

ದುಡ್ಡಿನ ಲೆಕ್ಕಕ್ಕೆ ಬರೋಣ. 2023ರಲ್ಲಿ ಎನ್ ಲೈನ್‌ನ ಕೆಳಗಿನ ಮಾಡೆಲ್ ಎನ್6 ಮ್ಯಾನ್ಯುಯಲ್ ಬಿಟ್ಟಿದ್ದು 9.99 ಲಕ್ಷ ಎಕ್ಸ್ ಶೋರೂಮ್‌ಗೆ. ಕರ್ನಾಟಕದಲ್ಲಿ ಇದು ಸಣ್ಣ ವಿಷಯ ಅಲ್ಲ. ಗಾಡಿ ಬೆಲೆ 5 ಲಕ್ಷ ದಾಟಿ 10 ಲಕ್ಷದೊಳಗಿದ್ದರೆ ಲೈಫ್‌ಟೈಮ್ ಟ್ಯಾಕ್ಸ್ 14 ಪರ್ಸೆಂಟ್, ದಾಟಿದರೆ 17 ಪರ್ಸೆಂಟ್, ಅದರ ಮೇಲೆ ಸೆಸ್. ಹಾಗಾಗಿ ಒಂದು ಮೆಟ್ಟಿಲು ಮೇಲಿನ ಮಾಡೆಲ್‌ಗೆ ಹೋದರೆ ಆನ್ ರೋಡ್ ಬೆಲೆ ಕಾಗದದಲ್ಲಿ ಕಾಣುವುದಕ್ಕಿಂತ ಜಾಸ್ತಿ ಏರುತ್ತದೆ. 2025ರ ಸೆಪ್ಟೆಂಬರ್ 22ರಿಂದ ಇಂಥ ಸಣ್ಣ ಪೆಟ್ರೋಲ್ ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಐ20 ನಾಲ್ಕು ಮೀಟರ್ ಒಳಗೇ ಇದೆ, ಹಾಗಾಗಿ ಹಳೇ ಬೆಲೆಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕಬೇಡಿ. ಮೇಲಿನ ಮಾಡೆಲ್ ಎನ್8ನಲ್ಲಿ 10.25 ಇಂಚಿನ ಸ್ಕ್ರೀನು, ಏಳು ಸ್ಪೀಕರಿನ ಬೋಸ್ ಸಿಸ್ಟಮ್ ಎಲ್ಲಾ ಸಿಗುತ್ತದೆ. ಇಂಜಿನ್ನು, ಬ್ರೇಕು ಎರಡರಲ್ಲೂ ಅದೇ. ನನಗೆ ಎನ್6 ಸಾಕಾಯಿತು.

ಹಳೇ ಗಾಡಿ ಕೊಡುವಾಗ ಒಂದು ವಿಷಯ ಮರೆಯಬೇಡಿ. ಇನ್ಶೂರೆನ್ಸ್‌ನ ನೋ ಕ್ಲೇಮ್ ಬೋನಸ್ ಗಾಡಿಯದ್ದಲ್ಲ, ನಿಮ್ಮದು. ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು 50 ಪರ್ಸೆಂಟ್ ತನಕ ಹೋಗುತ್ತದೆ. ಹಳೇ ಇನ್ಶೂರೆನ್ಸ್ ಕಂಪನಿಯಿಂದ ಪತ್ರ ತಗೊಂಡು ಹೊಸ ಗಾಡಿಯ ಪಾಲಿಸಿಗೆ ಹಾಕಿಸಿಕೊಳ್ಳಬಹುದು, ಸ್ವಂತ ಗಾಡಿಯ ಡ್ಯಾಮೇಜಿನ ಪ್ರೀಮಿಯಮ್‌ನಲ್ಲಿ ಅಷ್ಟು ಕಡಿಮೆಯಾಗುತ್ತದೆ. ನಾನು ಹೋದ ಶೋರೂಮಿನಲ್ಲಿ ಈ ಮಾತೇ ಎತ್ತಲಿಲ್ಲ, ಇನ್ಶೂರೆನ್ಸ್ ಇಲ್ಲೇ ಮಾಡಿಸಬೇಕು ಅಂತಲೂ ಹೇಳಿದರು. ಹಾಗೇನಿಲ್ಲ, ಹೊರಗೆ ಮಾಡಿಸಿ ತರಬಹುದು. ಫ್ಲೋರ್ ಮ್ಯಾಟು, ಸೀಟ್ ಕವರು ಅಂತ ಬಿಲ್ಲಿಗೆ ಸೇರಿಸಿದ್ದನ್ನೂ ಕೇಳಿ ತೆಗೆಸಿದೆ.

ಮೈಲೇಜು ನಿಮ್ಮ ಕಾಲಿನ ಮೇಲೆ. ಹೈವೇಯಲ್ಲಿ 90ರ ಆಸುಪಾಸು ಹೋದರೆ 17-18 ಬರುತ್ತದೆ, ಘಾಟಿಯಲ್ಲಿ ಖುಷಿಪಟ್ಟರೆ 11-12ಕ್ಕೆ ಇಳಿಯುತ್ತದೆ. ಟ್ಯಾಂಕು 37 ಲೀಟರ್ ಅಷ್ಟೇ, ಹಾಗಾಗಿ ಬಂಕಿಗೆ ಹೋಗುವುದು ಸ್ವಲ್ಪ ಜಾಸ್ತಿ. ಏರು ಹತ್ತಿ ಬಂದ ತಕ್ಷಣ ಇಂಜಿನ್ ಆಫ್ ಮಾಡಬೇಡಿ, ಬಿಸಿಯಾದ ಟರ್ಬೊಗೆ ಎಣ್ಣೆ ಹರಿಯುತ್ತಿರಲಿ, ಒಂದು ನಿಮಿಷ ಬಿಟ್ಟು ಆಫ್ ಮಾಡಿ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸುವಾಗಲೂ ನಾನು ಹಾಗೇ ಮಾಡುತ್ತೇನೆ.

ಒಂದು ಗೊಂದಲ ಇನ್ನೂ ಹಲವರಿಗಿದೆ. ಎನ್ ಲೈನ್ ಬೇರೆ, ಯುರೋಪಿನಲ್ಲಿ ಮಾರಿದ ಐ20 ಎನ್ ಬೇರೆ. ಅದರದ್ದು 1.6 ಟರ್ಬೊ, 204 ಪಿಎಸ್, ಅದು ಇಲ್ಲಿಗೆ ಬರಲೇ ಇಲ್ಲ. 2024ರಲ್ಲಿ ಥಿಯರಿ ನ್ಯೂವಿಲ್ ವಿಶ್ವ ರ್‍ಯಾಲಿ ಚಾಂಪಿಯನ್ ಆಗಿದ್ದು ಐ20 ಎನ್ ರ್‍ಯಾಲಿ1ನಲ್ಲಿ, ಅದಂತೂ ಪೂರ್ತಿ ಬೇರೆಯೇ ಯಂತ್ರ. ಚಿಕ್ಕಮಗಳೂರಿನ ಕಾಫಿ ತೋಟದೊಳಗೆ ರ್‍ಯಾಲಿ ನಡೆಯುವಾಗ ಬೇಲಿ ಪಕ್ಕ ನಿಂತು ಧೂಳು ಕುಡಿದು ಬೆಳೆದವರು ನಾವು, 204 ಪಿಎಸ್‌ನ ಗಾಡಿ ಇಲ್ಲಿಗೂ ಬಂದಿದ್ದರೆ ಅಂತ ಆಸೆ ಇದ್ದೇ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ನೋಡುವವರು 2021-22ರ ಗಾಡಿ ಸಿಕ್ಕರೆ ಕ್ಲಚ್ ಪೆಡಲ್ ಇದೆಯಾ ಇಲ್ಲವಾ ಅಂತ ಮೊದಲು ಬಗ್ಗಿ ನೋಡಿ. ಐಎಂಟಿ ಗಾಡಿಯನ್ನು ಸುಮ್ನೆ ಮ್ಯಾನ್ಯುಯಲ್ ಅಂತಲೇ ಜಾಹೀರಾತಿನಲ್ಲಿ ಹಾಕುವವರಿದ್ದಾರೆ.