ಫೆಸಿಲಿಟೇಷನ್ ಸೆಂಟರ್‌ನಲ್ಲಿ ಅಂಚೆ ಮತ: ಸೇವೆ ಚೆನ್ನ, ಕವರಿನ ಮೇಲೆ ಕಣ್ಣಿರಲಿ

ಚುನಾವಣಾ ಕರ್ತವ್ಯದ ಸಿಬ್ಬಂದಿಗೆಂದು ತರಬೇತಿ ನಡೆಯುವಲ್ಲೇ ತೆರೆಯುವ ಈ ಕೇಂದ್ರಕ್ಕೆ ಐದಕ್ಕೆ ನಾಲ್ಕು ಅಂಕ. ಹೆಸರಿಗೆ ಅಂಚೆ ಮತ, ಅಂಚೆಯಣ್ಣನ ಕೆಲಸವೇನೂ ಇಲ್ಲ. ಮೊದಲೆಲ್ಲ ಮತಪತ್ರ ಮನೆಗೆ ಒಯ್ದು, ದೃಢೀಕರಣಕ್ಕೆ ಗೆಜೆಟೆಡ್ ಅಧಿಕಾರಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. 2023ರಲ್ಲಿ ನಿಯಮ ತಿದ್ದಿದ ಮೇಲೆ ಈ ಸಿಬ್ಬಂದಿ ಕೇಂದ್ರದಲ್ಲೇ ಮತ ಹಾಕಬೇಕು. ಸಹಿ ಹಾಕಿಕೊಡುವ ಅಧಿಕಾರಿ ಅಲ್ಲೇ ಮೇಜಿನ ಹಿಂದೆ ಕೂತಿರುತ್ತಾರೆ. ದೊಡ್ಡ ಅನುಕೂಲ ಇದೇ.

ಕೈಗೆ ಬರುವುದು ಮತಪತ್ರ, ಘೋಷಣೆಯ ನಮೂನೆ 13ಎ, ಚಿಕ್ಕ ಲಕೋಟೆ 13ಬಿ, ದೊಡ್ಡ ಲಕೋಟೆ 13ಸಿ, ಜೊತೆಗೆ ಯಾರೂ ಓದದ ಸೂಚನೆಗಳ ಹಾಳೆ 13ಡಿ. ಮೊದಲು 13ಎಗೆ ಅಧಿಕಾರಿಯ ಎದುರೇ ಸಹಿ ಮಾಡಿ, ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ಆಮೇಲೆ ಮರೆಯಲ್ಲಿ ಒಬ್ಬ ಅಭ್ಯರ್ಥಿಯ ಎದುರು ಪೆನ್ನಿನಿಂದ ಸ್ಪಷ್ಟವಾಗಿ ಗುರುತು ಹಾಕಿ. ಮತಪತ್ರ ಮಾತ್ರ 13ಬಿ ಒಳಗೆ ಹೋಗಬೇಕು, ಅದನ್ನು ಅಂಟಿಸಿ. ಅಂಟಿಸಿದ 13ಬಿ ಮತ್ತು ಹೊರಗೇ ಇಟ್ಟ 13ಎ, ಎರಡನ್ನೂ 13ಸಿಗೆ ಸೇರಿಸಿ ಪೆಟ್ಟಿಗೆಗೆ ಹಾಕಿ.

ಎಡವಟ್ಟಾಗುವುದು ಇಲ್ಲೇ. ಅವಸರದಲ್ಲಿ 13ಎಯನ್ನೂ ಚಿಕ್ಕ ಲಕೋಟೆಗೆ ತುರುಕಿ ಅಂಟಿಸಿಬಿಡುತ್ತಾರೆ. ಎಣಿಕೆಯ ದಿನ ಮೊದಲು ಒಡೆಯುವುದು 13ಸಿ. ಅದರಲ್ಲಿ ಘೋಷಣೆ ಸಿಗದಿದ್ದರೆ, ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಇಲ್ಲವೇ ಘೋಷಣೆಯಲ್ಲಿ ಬರೆದಿರುವ ಮತಪತ್ರದ ಕ್ರಮಸಂಖ್ಯೆ 13ಬಿ ಮೇಲಿನದಕ್ಕೆ ತಾಳೆಯಾಗದಿದ್ದರೆ, 13ಬಿಯನ್ನು ಒಡೆಯದೆಯೇ ತಿರಸ್ಕರಿಸುತ್ತಾರೆ. ಒಳಗೆ ಎಷ್ಟು ಚೆಂದದ ಗುರುತು ಹಾಕಿದ್ದರೂ ನೋಡುವವರಿಲ್ಲ. ಹಾಗಾಗಿ ಅಂಟಿಸುವ ಮೊದಲು 13ಎ, 13ಬಿ ಎರಡರ ಮೇಲಿನ ಸಂಖ್ಯೆಯನ್ನೂ ಮತಪತ್ರದ ಜೊತೆ ಇಟ್ಟು ಅಂಕಿ ಅಂಕಿ ನೋಡಿ. ಅದನ್ನು ಬರೆದವರು ಕೇಂದ್ರದ ಸಿಬ್ಬಂದಿಯೇ ಆದರೂ ಮತ ನಿಮ್ಮದು. ಲಕೋಟೆ ಒಡೆದ ಮೇಲಿನ ಪರೀಕ್ಷೆ ಬೇರೆ: ಗುರುತೇ ಇಲ್ಲದ್ದು, ಇಬ್ಬರಿಗೆ ಗುರುತು ಹಾಕಿದ್ದು, ಮತದಾರ ಯಾರೆಂದು ತಿಳಿಯುವಂತೆ ಹೆಸರು, ಸಹಿ ಇರುವುದು ಅಸಿಂಧು. ಗುರುತು ಅಂಕುಡೊಂಕಾಗಿದ್ದರೂ ಯಾರಿಗೆ ಎಂಬುದು ಸ್ಪಷ್ಟವಿದ್ದರೆ ಸಾಕು.

ಒಂದು ಅಂಕ ಕತ್ತರಿಸಿದ್ದು ಏಕೆಂದರೆ, ಗುರುತು ಹಾಕುವುದನ್ನು ಹೇಳಿಕೊಡುವ ಮುತುವರ್ಜಿ ಲಕೋಟೆಯ ವಿಷಯದಲ್ಲಿ ಕಾಣುವುದಿಲ್ಲ. ತರಬೇತಿ ಮುಗಿದದ್ದೇ ಎಲ್ಲರೂ ಒಮ್ಮೆಗೇ ನುಗ್ಗುತ್ತಾರೆ. ತುಂಬಿದ ಮಾದರಿ ಲಕೋಟೆಯೊಂದನ್ನು ಮೇಜಿನ ಮೇಲೆ ಇಟ್ಟರೂ ಅರ್ಧ ತಪ್ಪು ತಪ್ಪೀತು.

ನಾಲ್ಕಾರು ಲಕೋಟೆ ಹೋದರೇನು ಎನ್ನುವವರು 2023ರ ಜಯನಗರ ಕ್ಷೇತ್ರವನ್ನು ನೆನೆಯಲಿ. ಅಲ್ಲಿ ಅಂಚೆ ಮತಗಳ ಮರುಪರಿಶೀಲನೆಯ ನಂತರ ಉಳಿದ ಅಂತರ 16 ಮತ.

ಎಲ್ಲರಿಗೂ ಈ ಕೇಂದ್ರ ಬೇಕಿಲ್ಲ. ನಿಮ್ಮ ಮತ ಇರುವ ಕ್ಷೇತ್ರದಲ್ಲೇ ಡ್ಯೂಟಿ ಬಿದ್ದಿದ್ದರೆ ನಮೂನೆ 12ಎ ಕೊಟ್ಟು ಇಡಿಸಿ, ಅಂದರೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ ಪಡೆಯಿರಿ, ಕೆಲಸದ ಮತಗಟ್ಟೆಯಲ್ಲೇ ಯಂತ್ರದ ಗುಂಡಿ ಒತ್ತಬಹುದು. ಲೋಕಸಭೆಗಾದರೆ ಲೋಕಸಭಾ ಕ್ಷೇತ್ರವನ್ನೇ ಲೆಕ್ಕಕ್ಕೆ ಹಿಡಿಯುವುದರಿಂದ ಪಕ್ಕದ ತಾಲ್ಲೂಕಿಗೆ ಹಾಕಿದ್ದರೂ ಇದು ಸಿಗುವ ಸಾಧ್ಯತೆ ಹೆಚ್ಚು.